ಮಾತ್ರೆ ಬಿಟ್ಟವರನ್ನ ಯಾರೂ ಮೀಟಿಂಗಿಗೆ ಕರೆದಿರ್ಲಿಲ್ಲ

ನಂಗೆ ಎಚ್‌ಐವಿ ಹುಟ್ಟಿನಿಂದ್ಲೇ ಇದೆ, ಅಮ್ಮನಿಂದ ಬಂದಿದ್ದು. ಈಗ ಕೆಲವು ವರ್ಷದಿಂದ ನಾನು ತೋರಿಸ್ಕೊಳ್ಳೋ ಕ್ಲಿನಿಕ್ಕಿನಲ್ಲೇ ಒಂದು ಗುಂಪಿದೆ, ಪೇಷಂಟ್‌ಗಳು, ಹದಿಹರೆಯದ ಹುಡುಗ್ರು ಹುಡುಗೀರು ಸೇರಿ ಇಲ್ಲಿನ ಸರ್ವೀಸ್ ಹೇಗಿರ್ಬೇಕು ಅಂತ ಡಾಕ್ಟರ್, ನರ್ಸ್, ಫಾರ್ಮಸಿಯವರ ಜೊತೆ ಕೂತು ಮಾತಾಡೋ ಗುಂಪು, ನಾನೂ ಅದ್ರಲ್ಲಿದ್ದೀನಿ. ಬೇರೆ ಕ್ಲಿನಿಕ್ಕಿನವರು ಆಗಾಗ ಕೇಳ್ತಾರೆ, ನಾವೂ ಇಂಥದ್ದು ಮಾಡ್ಬೇಕು, ಹೇಗೆ ಶುರು ಮಾಡಿದ್ರಿ ಅಂತ. ಫೋನಲ್ಲಿ ಹೇಳಿದ್ರೆ ಅರ್ಧ ಬಿಟ್ಟುಹೋಗುತ್ತೆ, ಅದಕ್ಕೇ ಬರೀತಿದ್ದೀನಿ.

ನನ್ನನ್ನ ಕರೆದಿದ್ದು ಕೌನ್ಸೆಲರ್. ಯಾಕೆ ನನ್ನನ್ನೇ ಅಂದ್ರೆ ನನ್ನ ವೈರಲ್ ಲೋಡ್ ಯಾವಾಗ್ಲೂ ಅನ್‌ಡಿಟೆಕ್ಟಬಲ್, ಅಂದ್ರೆ ರಕ್ತದಲ್ಲಿ ವೈರಸ್ ಟೆಸ್ಟಿಗೆ ಸಿಗದಷ್ಟು ಕಮ್ಮಿ, ಹೇಳಿದ ದಿನಕ್ಕೆ ಬರ್ತೀನಿ, ಮಾತಾಡ್ತೀನಿ. ಮೊದಲನೇ ಮೀಟಿಂಗಲ್ಲಿ ಕೂತಿದ್ದ ಪೇಷಂಟ್‌ಗಳೆಲ್ಲಾ ಹಂಗೇ ಇದ್ರು. ಟೇಬಲ್ಲಿನ ಒಂದ್ ಕಡೆ ಡಾಕ್ಟರ್‌ಗಳು, ಇನ್ನೊಂದ್ ಕಡೆ ನಾವು. ಅಜೆಂಡಾ ಮೊದ್ಲೇ ಪ್ರಿಂಟ್ ಆಗಿತ್ತು, ಗೋಡೆಗೆ ಯಾವ ಬಣ್ಣ, ವೇಟಿಂಗ್ ಹಾಲಲ್ಲಿ ಟಿವಿ ಬೇಕಾ, ಪೋಸ್ಟರ್ ಎಲ್ಲಿ ಹಾಕೋಣ. ನಮ್ಮ ಸರ್ವೀಸ್ ಬಗ್ಗೆ ಏನಾದ್ರೂ ಹೇಳೋದಿದ್ಯಾ ಅಂತ ಕೊನೇಲಿ ಕೇಳಿದ್ರು. ಎಲ್ಲಾ ಚೆನ್ನಾಗಿದೆ ಸರ್ ಅಂದ್ವಿ. ಇನ್ನೇನು ಹೇಳೋಕಾಗುತ್ತೆ, ಈ ಮಾತ್ರೆ ಜೀವಮಾನ ಪೂರ್ತಿ ತಗೋಬೇಕಾದ್ದು, ಅದನ್ನ ಬರೆದುಕೊಡೋರೇ ಎದುರಿಗೆ ಕೂತು ನಾವು ಹೇಗಿದ್ದೀವಿ ಅಂತ ಕೇಳಿದ್ರೆ ಯಾರ ಬಾಯಿಂದ್ಲೂ ದೂರು ಬರಲ್ಲ. ಅವರು ಕೆಟ್ಟವರು ಅಂತಲ್ಲ, ನಮ್ಮ ಡಾಕ್ಟ್ರು ನಿಜಕ್ಕೂ ಒಳ್ಳೆಯವರು, ಆದ್ರೂ ಆ ಭಯ ಅವರ ಒಳ್ಳೇತನಕ್ಕೆ ಸಂಬಂಧಪಟ್ಟಿದ್ದಲ್ಲ.

ಗುಂಪಿನಲ್ಲಿ ಒಬ್ರು ಹಿರಿಯ ಅಕ್ಕ ಇದ್ರು, ಮಾತ್ರೆ ಸಿಗೋಕೂ ಮುಂಚಿನ ಕಾಲ ನೋಡಿದವರು. ಮೀಟಿಂಗ್ ಮುಗಿದ್ಮೇಲೆ ಹೊರಗಡೆ ನಮ್ಮನ್ನೆಲ್ಲಾ ನಿಲ್ಲಿಸಿ ಮಾತಾಡಿದ್ರು. ನಮ್ಮನ್ನ ಕೇಳ್ತಿರೋದು ಅವರು ಮಾಡ್ತಿರೋ ಉಪಕಾರ ಅಂತ ಅಂದ್ಕೋಬೇಡಿ ಅಂದ್ರು. 1983ರಲ್ಲಿ ಅಮೆರಿಕಾದ ಡೆನ್ವರಲ್ಲಿ ಏಡ್ಸ್ ಇದ್ದ ಕೆಲವು ಜನ, ಆಗ ಔಷಧಿಯೇ ಇಲ್ದಿದ್ದ ಕಾಲ, ಒಂದು ಹೇಳಿಕೆ ಬರೆದು ಎಲ್ಲರ ಮುಂದೆ ಓದಿದ್ರಂತೆ, ನಮ್ಮ ಬಗ್ಗೆ ತೀರ್ಮಾನ ತಗೊಳ್ಳೋ ಪ್ರತಿ ಹಂತದಲ್ಲೂ ನಾವಿರ್ಬೇಕು ಅಂತ. ಅದನ್ನ ಡೆನ್ವರ್ ಪ್ರಿನ್ಸಿಪಲ್ಸ್ ಅಂತಾರೆ. ಆಮೇಲೆ 1994ರ ಡಿಸೆಂಬರ್ 1ಕ್ಕೆ ಪ್ಯಾರಿಸಲ್ಲಿ 42 ದೇಶಗಳು ಸಹಿ ಹಾಕಿ, ಎಚ್‌ಐವಿ ಇರೋರನ್ನ ಹೆಚ್ಚು ತೊಡಗಿಸ್ಕೊಳ್ತೀವಿ ಅಂತ ಒಪ್ಕೊಂಡ್ವು, ಆ ತತ್ವಕ್ಕೇ ಇಂಗ್ಲಿಷಲ್ಲಿ ಚಿಕ್ಕದಾಗಿ ಗೀಪಾ (GIPA) ಅಂತಾರೆ. ನಾನು ಇಷ್ಟು ವರ್ಷ ಕ್ಲಿನಿಕ್ಕಿಗೆ ಹೋಗ್ತಿದ್ರೂ ಇದನ್ನ ಯಾರೂ ಹೇಳಿರ್ಲಿಲ್ಲ. ಆಮೇಲೆ ಅಕ್ಕ ಕೇಳಿದ ಪ್ರಶ್ನೆನೇ ಮುಂದಿನ ಎಲ್ಲಾದಕ್ಕೂ ಕಾರಣ ಆಯ್ತು. "ಪುಟ್ಟಾ, ಇಲ್ಲಿ ಕೂತಿರೋರೆಲ್ಲಾ ಮಾತ್ರೆ ಸರಿಯಾಗಿ ತಗೊಳ್ಳೋರು. ಬಿಟ್ಟುಹೋದೋರು ಎಲ್ಲಿ? ಈ ಕ್ಲಿನಿಕ್ ಯಾರಿಗೆ ಆಗಿಬರ್ಲಿಲ್ವೋ ಅವರನ್ನ ಬಿಟ್ಟು ಆಗಿಬಂದೋರನ್ನ ಕೇಳಿದ್ರೆ ಏನ್ ಗೊತ್ತಾಗುತ್ತೆ?"

ಮುಂದಿನ ಸಲ ಅಕ್ಕ ಮೂರು ಶರತ್ತು ಇಟ್ರು. ಮೊದ್ಲು ಪೇಷಂಟ್‌ಗಳು ನಾವು ನಾವೇ ಕೂತು ಮಾತಾಡ್ತೀವಿ, ಆಮೇಲೆ ಡಾಕ್ಟರ್ ಜೊತೆ ಕೂರ್ತೀವಿ. ಅಜೆಂಡಾ ಇಬ್ರೂ ಸೇರಿ ಮಾಡೋದು. ಮಾತ್ರೆ ಬಿಟ್ಟವರ ಮಾತು ಹೇಗಾದ್ರೂ ಮಾಡಿ ಒಳಗೆ ಬರ್ಬೇಕು. ಕೊನೇದು ಕೇಳಿ ಎಲ್ರೂ ಸುಮ್ನಾದ್ರು, ಯಾಕಂದ್ರೆ ಅದು ನಿಜಕ್ಕೂ ಕಷ್ಟದ್ದು. ಕ್ಲಿನಿಕ್ಕಿನವರು ಅವರ ಹೆಸರು, ನಂಬರ್ ನಮಗೆ ಕೊಡೋ ಹಾಗಿಲ್ಲ, ಕೊಡಲೂಬಾರ್ದು. ಕೊನೆಗೆ ಕಂಡುಕೊಂಡ ದಾರಿ ಏನಂದ್ರೆ, ಬಾರದವರಿಗೆ ಹೇಗೂ ಫೋನ್ ಮಾಡೋ ಔಟ್‌ರೀಚ್ ಸಿಬ್ಬಂದಿ ಇದ್ದಾರಲ್ಲ, ಅವರೇ ಕೊನೇಲಿ ಒಂದು ಮಾತು ಕೇಳೋದು, ನಿಮ್ಮ ಥರಾನೇ ಮಾತ್ರೆ ತಗೊಳ್ಳೋ ನಿಮ್ಮ ವಯಸ್ಸಿನವರ ಜೊತೆ ಮಾತಾಡ್ತೀರಾ, ಹೆಸರು ಹೇಳ್ಬೇಕಿಲ್ಲ, ರೆಕಾರ್ಡ್ ಮಾಡಲ್ಲ, ಫೈಲಲ್ಲಿ ಬರಿಯಲ್ಲ ಅಂತ. ಹೂಂ ಅಂದ್ರೆ ಮಾತ್ರ, ಮಾತ್ರೆ ಬಿಟ್ಟವರೇ ನಮಗೆ ಕಾಲ್ ಮಾಡೋ ಹಾಗೆ ವ್ಯವಸ್ಥೆ. ತುಂಬಾ ಜನ ಬೇಡ ಅಂದ್ರು. ಒಪ್ಪಿದವರು ಹೇಳಿದ್ದು ನಾವು ಯಾರೂ ಅಂದ್ಕೊಂಡಿರ್ಲಿಲ್ಲ.

ಕ್ಲಿನಿಕ್ಕಿನವರ ಪ್ರಕಾರ ಹುಡುಗ್ರು ಮಾತ್ರೆ ಬಿಡೋಕೆ ಕಾರಣ ಮರೆವು, ಉಡಾಫೆ, ಮೊಬೈಲು. ಅದಕ್ಕೆ ಪರಿಹಾರ ರಿಮೈಂಡರ್ ಮೆಸೇಜು. ಆದ್ರೆ ಒಬ್ಬ ಹಾಸ್ಟೆಲ್ ಹುಡುಗ ಹೇಳಿದ್ದು ಬೇರೆನೇ. ಅವನಿಗೆ ಮಾತ್ರೆ ಒಂದು ದಿನವೂ ಮರೆತುಹೋಗಿರ್ಲಿಲ್ಲ. ಡಬ್ಬಿ ಅಲ್ಲಾಡಿದ್ರೆ ಗಲಗಲ ಸದ್ದು ಬರುತ್ತೆ, ರೂಮಲ್ಲಿ ಇನ್ನೂ ಹುಡುಗ್ರಿದ್ದಾರೆ, ಏನೋ ಅದು ಅಂತ ಒಬ್ಬ ಕೇಳಿದ, ವಿಟಮಿನ್ ಅಂದೆ, ನಂಗೂ ಒಂದ್ ಕೊಡು ಅಂದ, ಅವತ್ತಿಂದ ಡಬ್ಬಿ ಹೊರಗೆ ತೆಗೆಯೋಕೇ ಭಯ ಆಯ್ತು ಅಂದ. ಪ್ರತಿ ತಿಂಗಳು ಮಾತ್ರೆ ತಗೊಳ್ಳೋಕೆ ಬರ್ಬೇಕು, ಅದೂ ಕ್ಲಾಸ್ ಇರೋ ದಿನ ಬೆಳಿಗ್ಗೆ, ಪ್ರತಿ ತಿಂಗಳು ರಜಾ ಚೀಟಿಲಿ ಏನಂತ ಬರೀಲಿ ಅಂತ ಕೇಳಿದ. ಒಂದು ತಿಂಗಳು ತಪ್ಪಿಸಿದ. ಆವಾಗ್ಲೇ ವಾಪಸ್ ಬಂದಿದ್ರೆ ಮತ್ತೆ ಶುರು ಮಾಡ್ಬೋದಿತ್ತು. ಆದ್ರೆ ಹಿಂದೆ ಒಂದ್ಸಲ ಎರಡು ದಿನ ತಡವಾಗಿ ಹೋದಾಗ ಕೌಂಟರಲ್ಲಿ ಎಲ್ಲರೆದುರಿಗೆ ಬೈಸಿಕೊಂಡಿದ್ದ, ಎರಡು ದಿನಕ್ಕೇ ಅಷ್ಟು ಬೈದ್ರೆ ಈಗ ಏನ್ ಕಾದಿದ್ಯೋ ಅಂತ ಇನ್ನೊಂದು ತಿಂಗಳು ಬಿಟ್ಟ, ತಿಂಗಳು ಹೆಚ್ಚಾದಂಗೆ ಭಯಾನೂ ಹೆಚ್ಚಾಯ್ತು.

ಈ ಬೈಗುಳದ ಭಯ ಒಬ್ಬರದ್ದಲ್ಲ. ನಾವು ಮಾತಾಡಿದ ಹೆಚ್ಚುಕಮ್ಮಿ ಎಲ್ರೂ ಯಾವುದೋ ಒಂದು ರೂಪದಲ್ಲಿ ಅದನ್ನೇ ಹೇಳಿದ್ರು. ಮೊದಲ ಸಲ ತಪ್ಪಿದ್ದಕ್ಕೆ ಕಾರಣ ನೂರಿರ್ಬೋದು, ಕೆಲಸ, ಪರೀಕ್ಷೆ, ಹೊಸ ಮದುವೆ, ದುಡ್ಡು. ವಾಪಸ್ ಬರದೇ ಇದ್ದಿದ್ದಕ್ಕೆ ಕಾರಣ ಮಾತ್ರ ಒಂದೇ, ಹೋದ್ರೆ ಆ ಮುಖ ನೋಡ್ಬೇಕಲ್ಲ ಅಂತ.

ಇನ್ನೊಂದು ಹುಡುಗಿ ಹೇಳಿದ್ದು ಹದಿನೆಂಟು ತುಂಬಿದಾಗ ಏನಾಯ್ತು ಅಂತ. ಮಕ್ಕಳ ಕ್ಲಿನಿಕ್ಕಲ್ಲಿ ಅವಳನ್ನ ಎತ್ತಿ ಆಡಿಸಿದ ನರ್ಸ್ ಇದ್ರು, ಒಂದು ದಿನ ಇದ್ದಕ್ಕಿದ್ದ ಹಾಗೆ ಫೈಲ್ ದೊಡ್ಡವರ ಕ್ಲಿನಿಕ್ಕಿಗೆ ಹೋಗಿದೆ ಅಂದ್ರು. ಅಲ್ಲಿ ಹೊಸ ಡಾಕ್ಟ್ರು, ಬಾಗಿಲು ತೆಗೆದೇ ಇತ್ತು, ಹೊರಗಡೆ ಕ್ಯೂ, ನಿಂಗೆ ಇದು ಹೇಗೆ ಬಂತು ಅಂತ ಕೇಳಿದ್ರು. ಹುಟ್ಟಿನಿಂದ ಇರೋ ಹುಡುಗಿಗೆ. ಅವಳು ಎದ್ದು ಬಂದೋಳು ಮತ್ತೆ ಹೋಗ್ಲಿಲ್ಲ. ಇದನ್ನ ಕೇಳಿದ ದಿನ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ, ಯಾಕಂದ್ರೆ ನಾನೂ ಅದೇ ಬಾಗಿಲು ದಾಟಿ ಬಂದೋಳು, ನಂಗೆ ಸಿಕ್ಕಿದ ಡಾಕ್ಟ್ರು ಬೇರೆ ಅಷ್ಟೇ.

ಚಿಕ್ಕ ಮಕ್ಕಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಇದನ್ನ ಶುರು ಮಾಡೋರು ದಯವಿಟ್ಟು ಗಮನಿಸಿ. ಹನ್ನೆರಡು ಹದಿಮೂರು ವರ್ಷದ ಎಷ್ಟೋ ಮಕ್ಕಳಿಗೆ ತಮಗೇನಿದೆ ಅಂತಾನೇ ಗೊತ್ತಿರಲ್ಲ. ರಕ್ತ ಕಮ್ಮಿ ಇದೆ, ಶಕ್ತಿಗೆ ಮಾತ್ರೆ ಅಂತ ಮನೇಲಿ ಹೇಳಿರ್ತಾರೆ. ಅಂಥ ಮಗುನ ಎಚ್‌ಐವಿ ಯುವಜನರ ಗುಂಪು ಅಂತ ಹೇಳಿ ಕರೆದ್ರೆ ಆ ಮಗು ತನ್ನ ಬದುಕಿನ ಅತಿ ದೊಡ್ಡ ವಿಷಯನ ಒಂದು ಬೋರ್ಡ್ ಓದಿ ತಿಳ್ಕೊಳ್ಳುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ, ಚಿಕ್ಕ ಮಕ್ಕಳಿಗೆ ಅವರ ತಿಳುವಳಿಕೆಗೆ ತಕ್ಕಂತೆ ಸ್ವಲ್ಪ ಸ್ವಲ್ಪವಾಗಿ ಹೇಳ್ತಾ ಬಂದು, ಸ್ಕೂಲಿಗೆ ಹೋಗೋ ವಯಸ್ಸಲ್ಲಿ ತಮಗೇನಿದೆ ಅಂತ ತಿಳಿಸ್ಬೇಕು ಅಂತ. ಆದ್ರೆ ಹೇಳ್ಬೇಕಾಗಿರೋದು ಅಪ್ಪ ಅಮ್ಮ, ಹೇಳೋಕೆ ಹೋದ್ರೆ ತಮ್ಮ ಕಥೆನೂ ಹೇಳ್ಬೇಕಾಗುತ್ತೆ, ಅದಕ್ಕೇ ಮುಂದೆ ಹಾಕ್ತಾನೇ ಇರ್ತಾರೆ. ನಾವು ಮಾಡಿದ್ದು ಏನಂದ್ರೆ ಚಿಕ್ಕವರ ಗುಂಪು ಬೇರೆ, ಅಲ್ಲಿ ರೋಗದ ಹೆಸರೇ ಬರಲ್ಲ, ಕ್ಲಿನಿಕ್ಕಿಗೆ ಬರೋದು ಹೇಗನ್ಸುತ್ತೆ ಅಂತ ಚಿತ್ರ ಬರೀರಿ ಅಂತ ಕೊಡ್ತೀವಿ. ಒಂದು ಮಗು ಬರೆದಿದ್ದು ಉದ್ದ ಬೆಂಚು, ಅದರ ತುದಿಲಿ ಒಂದು ಸೂಜಿ, ಬೆಂಚಿಗಿಂತ ಸೂಜಿ ದೊಡ್ಡದು. ಅದನ್ನ ನೋಡಿ ಲ್ಯಾಬಿನವರು ಮಕ್ಕಳ ರಕ್ತ ಮೊದ್ಲು ತಗೊಂಡುಬಿಡೋಣ, ಕಾಯಿಸೋದು ಬೇಡ ಅಂತ ತಾವಾಗೇ ಹೇಳಿದ್ರು. ಮೀಟಿಂಗಿನ ಮೆಸೇಜಲ್ಲೂ ಎಚ್‌ಐವಿ ಅಂತ ಬರಿಯಲ್ಲ, ಮನೇಲಿ ಫೋನ್ ಒಂದೇ ಇರುತ್ತೆ.

ಇಷ್ಟೆಲ್ಲಾ ಕೇಳಿದ್ಮೇಲೆ ಅದನ್ನ ಡಾಕ್ಟರ್‌ಗಳ ಮುಂದೆ ಇಡೋದು ಹೇಗೆ ಅಂತ ನಮಗೇ ಜಗಳ ಆಯ್ತು. ಪಟ್ಟಿ ಮಾಡಿ ಓದೋಣ ಅಂತ ಕೆಲವರು. ಅಕ್ಕ ಬೇಡ ಅಂದ್ರು, ಓದಿದ್ರೆ ಅವರು ಒಂದೊಂದಕ್ಕೂ ಉತ್ತರ ಕೊಡ್ತಾ ಕೂರ್ತಾರೆ, ನಡೆಸಿ ತೋರಿಸೋಣ ಅಂದ್ರು. ಹಾಗೇ ಮಾಡಿದ್ವಿ. ಗೇಟಿಂದ ಹಿಡಿದು ಫಾರ್ಮಸಿವರೆಗೆ ಒಬ್ಬ ಪೇಷಂಟ್ ನಡೆಯೋ ದಾರೀಲೇ ಅವರನ್ನ ನಮ್ಮ ಜೊತೆ ನಡೆಸಿದ್ವಿ, ಎಲ್ಲೆಲ್ಲಿ ನಿಲ್ಬೇಕು, ಅಲ್ಲಿ ಮಾತಾಡಿದ್ದು ಯಾರ ಕಿವಿಗೆಲ್ಲಾ ಬೀಳುತ್ತೆ, ಅಲ್ಲಿಂದ ಯಾರ ಕಣ್ಣಿಗೆಲ್ಲಾ ಕಾಣುತ್ತೆ ಅಂತ ಬರ್ಕೊಳ್ತಾ. ಹೆಸರು ಕೂಗೋ ಜಾಗಕ್ಕೆ ಬಂದಾಗ ಒಬ್ಬ ಹುಡುಗ ಹಿರಿಯ ಡಾಕ್ಟರ್ ಹೆಸರನ್ನ ಪೂರ್ತಿಯಾಗಿ ಜೋರಾಗಿ ಕೂಗಿದ, ಪಕ್ಕದ ವಿಭಾಗದ ಜನ ಎಲ್ಲಾ ತಿರುಗಿ ನೋಡಿದ್ರು. ಡಾಕ್ಟ್ರು ಏನೂ ಹೇಳ್ಲಿಲ್ಲ, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ರು. ಮಾರನೇ ವಾರದಿಂದ ಟೋಕನ್ ನಂಬರ್ ಬಂತು.

ಆದ್ರೆ ಬೈಗುಳದ ವಿಷಯ ಬಂದಾಗ ಸುಲಭ ಇರ್ಲಿಲ್ಲ. ಒಬ್ರು ಸಿಸ್ಟರ್ ಅತ್ತೇಬಿಟ್ರು. ನಾನು ಬೈಯೋದು ಕಾಳಜಿಯಿಂದ, ಮಾತ್ರೆ ಬಿಟ್ಟು ಸತ್ತವರನ್ನ ನೋಡಿದ್ದೀನಿ, ಇನ್ನೊಬ್ರನ್ನ ಹಾಗೆ ನೋಡೋಕಾಗಲ್ಲ ಅಂತ ಬೈತೀನಿ ಅಂದ್ರು. ಅವರು ಹೇಳಿದ್ದು ನಿಜ, ನಮಗೆಲ್ಲಾ ಗೊತ್ತು. ಆಗ ಹತ್ತೊಂಬತ್ತು ವರ್ಷದ ಒಂದು ಹುಡುಗಿ ಎದ್ದು, ಸಿಸ್ಟರ್, ನೀವು ಬೈಯೋದು ವಾಪಸ್ ಬಂದೋರಿಗೆ, ಬಾರದೇ ಇರೋರಿಗೆ ನಿಮ್ಮ ಬೈಗುಳ ಕೇಳ್ಸಲ್ಲ, ಬಂದೋರು ಸರಿಯಾದ ಕೆಲ್ಸನೇ ಮಾಡಿದ್ದಾರಲ್ವಾ ಅಂದ್ಲು. ಯಾರೂ ಹೇಳಿಕೊಟ್ಟಿರ್ಲಿಲ್ಲ ಅವಳಿಗೆ.

ಅಲ್ಲಿಂದ ಹುಟ್ಟಿದ್ದೇ ನಮ್ಮ ಕ್ಲಿನಿಕ್ಕಿನ ಈಗಿನ ನಿಯಮ. ಎಷ್ಟೇ ದಿನ ಬಿಟ್ಟು ಬಂದಿರ್ಲಿ, ಗೇಟಿಂದ ಡಾಕ್ಟರ್ ತನಕ ಯಾರೇ ಮಾತಾಡಿಸಿದ್ರೂ ಮೊದಲ ಮಾತು "ಬಂದಿದ್ದು ಒಳ್ಳೇದಾಯ್ತು". ಯಾಕೆ ಬಿಟ್ಟೆ ಅನ್ನೋ ಪ್ರಶ್ನೆ ಕೌಂಟರಲ್ಲಿ ಕೇಳೋ ಹಾಗೇ ಇಲ್ಲ, ಬಾಗಿಲು ಹಾಕಿದ ರೂಮಲ್ಲಿ ಕೌನ್ಸೆಲರ್ ಮಾತ್ರ ಕೇಳ್ಬೇಕು. ಅವರನ್ನ ಅವತ್ತೇ ನೋಡಿ ಕಳಿಸ್ಬೇಕು, ಇನ್ನೊಂದು ದಿನ ಬಾ ಅನ್ನೋ ಹಾಗಿಲ್ಲ.

ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡೋ ವಿಷಯ ಎಳೆದಾಡ್ತು. ನಾವು ಓದಿಕೊಂಡು ಹೋಗಿದ್ವಿ, ಚಿಕಿತ್ಸೆ ಸರಿಹೋಗಿ ನೆಲೆ ನಿಂತಿರೋರಿಗೆ 3ರಿಂದ 6 ತಿಂಗಳ ಮಾತ್ರೆ ಒಟ್ಟಿಗೆ ಕೊಡಿ, ಸಾಧ್ಯ ಆದ್ರೆ 6 ತಿಂಗಳದ್ದೇ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ, ಮಕ್ಕಳು ಹದಿಹರೆಯದವರನ್ನೂ ಸೇರಿಸಿ. ಫಾರ್ಮಸಿಯವರು ಕೋಪ ಮಾಡ್ಕೊಳ್ಳದೆ ತಮ್ಮ ರಿಜಿಸ್ಟರ್ ತೆಗೆದು ತೋರಿಸಿದ್ರು. ಸ್ಟಾಕ್ ಬರೋದೇ ತಿಂಗಳು ತಿಂಗಳು, ಅರ್ಧ ಜನಕ್ಕೆ ಮೂರು ತಿಂಗಳದ್ದು ಕೊಟ್ಟುಬಿಟ್ರೆ ಇನ್ನರ್ಧ ಜನಕ್ಕೆ ಕೊನೇ ವಾರ ಏನ್ ಕೊಡ್ಲಿ ಅಂದ್ರು. ನ್ಯಾಯವಾದ ಮಾತು. ಆಮೇಲೆ ಅವರೂ ನಾವೂ ಸೇರಿ ಮೇಲಿನವರಿಗೆ ಬರೆದ್ವಿ, ಸ್ಟಾಕ್ ಹೆಚ್ಚಾಯ್ತು, ಮೊದ್ಲು ಹಾಸ್ಟೆಲ್ಲಿನವರಿಗೆ, ದೂರದಿಂದ ಬರೋರಿಗೆ, ನಿಧಾನಕ್ಕೆ ಉಳಿದವರಿಗೆ ಅಂತ ಶುರುವಾಯ್ತು. ಚಿಕ್ಕ ಮಕ್ಕಳಿಗೆ ತೂಕ ಹೆಚ್ಚಾದಂಗೆ ಡೋಸ್ ಬದಲಾಗುತ್ತೆ, ಹಾಗಾಗಿ ಅವರ ತೂಕ ನೋಡ್ಕೊಂಡೇ ಎಷ್ಟು ತಿಂಗಳದ್ದು ಕೊಡೋದು ಅಂತ ತೀರ್ಮಾನ ಮಾಡ್ತಾರೆ.

ಗಲಗಲ ಸದ್ದಿಗೆ ಪರಿಹಾರ ಸಿಕ್ಕಿದ್ದು ಹುಡುಗ್ರಿಂದಾನೇ. ಕೆಲವರು ಮಾತ್ರೆ ಪ್ಲಾಸ್ಟಿಕ್ ಕವರಿಗೆ ಹಾಕ್ಕೊಂಡು ಹೋಗ್ತಿದ್ರು. ಅದು ಬೇಡ, ತೇವ ತಗುಲಿದ್ರೆ ಮಾತ್ರೆ ಹಾಳಾಗುತ್ತೆ, ಡಬ್ಬಿಯೊಳಗಿರೋ ತೇವ ಹೀರೋ ಪುಟ್ಟ ಪೊಟ್ಟಣನೂ ತೆಗೀಬೇಡಿ ಅಂತ ಫಾರ್ಮಸಿಯವರು ಹೇಳಿದ್ರು. ಡಬ್ಬಿಯ ಖಾಲಿ ಜಾಗಕ್ಕೆ ಒಣಗಿದ ಶುದ್ಧ ಹತ್ತಿ ತುಂಬಿದ್ರೆ ಸದ್ದೇ ಬರಲ್ಲ ಅಂತ ಒಬ್ಬ ಮಾಡಿ ತೋರಿಸಿದ. ಈಗ ಫಾರ್ಮಸಿ ಕೌಂಟರಲ್ಲೇ ಹತ್ತಿ ಇಟ್ಟಿರ್ತಾರೆ, ಕೇಳ್ಬೇಕಾಗೂ ಇಲ್ಲ.

ಇನ್ನೊಂದು ವಿಷಯ, ಇದನ್ನ ಹೇಳದೇ ಇದ್ರೆ ಹುಡುಗ್ರು ನನ್ನನ್ನ ಬಿಡಲ್ಲ. ಡಾಕ್ಟರ್‌ಗಳು ಕೇಳಿದ್ದೆಲ್ಲಾ ಮಾತ್ರೆ ಬಗ್ಗೆ, ಹುಡುಗ್ರು ಕೇಳಿದ್ದೆಲ್ಲಾ ಪ್ರೀತಿ ಬಗ್ಗೆ. ನಾನು ಯಾರನ್ನಾದ್ರೂ ಮದುವೆ ಆಗ್ಬೋದಾ, ಮಕ್ಕಳಾಗುತ್ತಾ, ಮಕ್ಕಳಿಗೆ ಬರುತ್ತಾ, ಹೇಳೋದು ಯಾವಾಗ. ವೈರಲ್ ಲೋಡ್ ಅನ್‌ಡಿಟೆಕ್ಟಬಲ್ ಆಗಿ ಹಾಗೇ ಉಳಿದ್ರೆ ದೈಹಿಕ ಸಂಬಂಧದಿಂದ ಸಂಗಾತಿಗೆ ಎಚ್‌ಐವಿ ಹರಡೋದೇ ಇಲ್ಲ, ಯು ಈಕ್ವಲ್ಸ್ ಯು (ಅನ್‌ಡಿಟೆಕ್ಟಬಲ್ ಅಂದ್ರೆ ಅನ್‌ಟ್ರಾನ್ಸ್‌ಮಿಟಬಲ್, ಹರಡದ್ದು) ಅಂತ 2016ರಿಂದ ಜಗತ್ತಿನ ತುಂಬಾ ಹೇಳ್ತಿದ್ದಾರೆ, ಪಾರ್ಟ್ನರ್ ಅನ್ನೋ ದೊಡ್ಡ ಅಧ್ಯಯನದಲ್ಲಿ ನೂರಾರು ಜೋಡಿಗಳನ್ನ ವರ್ಷಗಟ್ಲೆ ಗಮನಿಸಿದ್ರೂ ಹಾಗೆ ಹರಡಿದ್ದು ಸೊನ್ನೆ. ಈ ಮಾತು ನಮ್ಮ ಗುಂಪಿನ ಇಪ್ಪತ್ತು ವರ್ಷದವರಿಗೇ ಗೊತ್ತಿರ್ಲಿಲ್ಲ. ಚಿಕ್ಕಂದಿನಿಂದ ನೋಡಿದ ಮಕ್ಕಳು ಅಂತ ನಮ್ಮ ಜೊತೆ ಇದೆಲ್ಲಾ ಮಾತಾಡೋಕೆ ಸಿಬ್ಬಂದಿಗೆ ಸಂಕೋಚ. ಒಬ್ಬ ಹುಡುಗ ಇದನ್ನ ಕೇಳಿ, ಇದನ್ನ ಹದಿನೈದು ವರ್ಷದಲ್ಲಿ ಹೇಳಿದ್ರೆ ನಾನು ಮಾತ್ರೆ ಬಿಡ್ತಾನೇ ಇರ್ಲಿಲ್ಲ ಅಂದ. ಮಾತ್ರೆ ತಗೊಂಡ್ರೆ ಸಾಯಲ್ಲ ಅಂತ ಮಾತ್ರ ಹೇಳಿದ್ರು, ತಗೊಂಡ್ರೆ ಹೀಗೆ ಬದುಕ್ಬೋದು ಅಂತ ಯಾರೂ ಹೇಳ್ಲಿಲ್ಲ ಅಂದ. ಈಗ ಹದಿನೈದು ದಾಟಿದ ಎಲ್ಲರಿಗೂ ಒಂದು ಸಲ ಒಬ್ಬೊಬ್ರನ್ನೇ ಕೂರಿಸ್ಕೊಂಡು ಇದನ್ನ ಹೇಳ್ತಾರೆ, ಅಪ್ಪ ಅಮ್ಮ ಹೊರಗೆ.

ಆಗದೇ ಉಳಿದಿದ್ದೂ ಇದೆ. ಬೇರೆ ಬಾಗಿಲು ಕೇಳಿದ್ವಿ, ಕಟ್ಟಡದಲ್ಲಿ ಜಾಗ ಇಲ್ಲ. ಸಂಜೆ ಕ್ಲಿನಿಕ್ ತಿಂಗಳಿಗೆ ಒಂದು ದಿನಕ್ಕೆ ನಿಂತುಬಿಟ್ಟಿದೆ, ಲ್ಯಾಬ್ ಸಂಜೆ ಇರಲ್ಲ. ಹಾಲಲ್ಲಿ ಒಂದು ಬೋರ್ಡ್ ಇದೆ, ನೀವು ಕೇಳಿದ್ದು, ಆಗಿದ್ದು, ಆಗದೇ ಇದ್ದಿದ್ದು ಯಾಕೆ ಅಂತ ಬರೀತಾರೆ. ನನ್ನ ಪ್ರಕಾರ ಇಡೀ ಪ್ರಕ್ರಿಯೆಯಲ್ಲಿ ಜನರ ನಂಬಿಕೆ ಗಳಿಸಿದ್ದು ಆ ಮೂರನೇ ಸಾಲು. ಇಲ್ಲ ಅಂದ್ರೂ ಪರವಾಗಿಲ್ಲ, ಕಾರಣ ಹೇಳಿದ್ರಲ್ಲ ಅಂತ ಜನ ಮತ್ತೆ ಮೀಟಿಂಗಿಗೆ ಬರ್ತಾರೆ. ಕೇಳಿ ಸುಮ್ನಾಗೋ ಕಡೆ ಎರಡನೇ ಸಲ ಯಾರೂ ಬಾಯಿ ಬಿಡಲ್ಲ.

ದುಡ್ಡಿನ ಬಗ್ಗೆಯೂ ನೇರವಾಗಿ ಹೇಳ್ತೀನಿ. ಡಾಕ್ಟರ್‌ಗಳು ಮೀಟಿಂಗಿಗೆ ಬರೋದು ಸಂಬಳದ ಸಮಯದಲ್ಲಿ, ನಾವು ಬರೋದು ಒಂದು ದಿನದ ಕೂಲಿ ಬಿಟ್ಟು. ಮೊದ್ಲು ಬಸ್ ಚಾರ್ಜೂ ಕೊಡ್ತಿರ್ಲಿಲ್ಲ. ಅಕ್ಕ ಪಟ್ಟು ಹಿಡಿದ್ಮೇಲೆ ಈಗ ಓಡಾಟದ ಖರ್ಚು, ಹೊತ್ತಿಗೆ ಇಷ್ಟು ಅಂತ ಕೊಡ್ತಾರೆ. ಆದ್ರೆ ನಾವು ಕೇಳ್ತಿರೋದು ಅಷ್ಟೇ ಅಲ್ಲ, ಎಚ್‌ಐವಿ ಇರೋ ಯುವಕ ಯುವತಿಯರನ್ನೇ ಸಂಬಳ ಕೊಟ್ಟು ಕೆಲಸಕ್ಕೆ ಇಟ್ಕೊಳ್ಳಿ ಅಂತ. ಜಿಂಬಾಬ್ವೆಯಲ್ಲಿ ಜ್ವಾಂದಿರಿ ಅನ್ನೋ ಸಂಸ್ಥೆ 2004ರಿಂದ ಕೆಲಸ ಮಾಡ್ತಿದೆ, ಅಲ್ಲಿ 18ರಿಂದ 24 ವರ್ಷದ ಎಚ್‌ಐವಿ ಇರೋ ಯುವಜನರೇ ತಮಗಿಂತ ಚಿಕ್ಕವರ ಮನೆಗೆ ಹೋಗಿ ಜೊತೆ ನಿಲ್ತಾರೆ. ಅಲ್ಲಿ ನಡೆಸಿದ ಒಂದು ಟ್ರಯಲ್‌ನಲ್ಲಿ, ಸುಮಾರು ಎರಡು ವರ್ಷ ಆದ್ಮೇಲೆ, ವೈರಲ್ ಲೋಡ್ ಹತೋಟಿ ತಪ್ಪಿದವರು ಅಥವಾ ತೀರಿಕೊಂಡವರು ಆ ಬೆಂಬಲ ಸಿಕ್ಕವರಲ್ಲಿ 25%, ಮಾಮೂಲಿ ಕ್ಲಿನಿಕ್ ಸೇವೆ ಮಾತ್ರ ಇದ್ದವರಲ್ಲಿ 36%. ಅದನ್ನ ನಮ್ಮ ಮೀಟಿಂಗಲ್ಲಿ ಇಟ್ಟಿದ್ದೀವಿ, ಬಜೆಟ್ ಅಂತ ನಿಂತಿದೆ, ಬಿಡೋ ಯೋಚನೆ ನಮಗಿಲ್ಲ.

ಫೋಟೋ ವಿಷಯದಲ್ಲಿ ಮಾತ್ರ ನಾವು ಒಂಚೂರೂ ಬಗ್ಗಲಿಲ್ಲ. ರಿಪೋರ್ಟಿಗೆ ಬೇಕು, ಮುಖ ಮಸುಕು ಮಾಡ್ತೀವಿ ಅಂತ ಹೊರಗಿನಿಂದ ಬಂದ ಒಂದು ತಂಡದವರು ಕೇಳಿದ್ರು. ಬಟ್ಟೆ, ಕೈ, ನಿಂತ ರೀತಿ ನೋಡಿಯೂ ಮನೆಯವರು ಗುರುತು ಹಿಡೀತಾರೆ. ಆಗಲ್ಲ ಅಂದ್ವಿ, ನಮ್ಮ ಡಾಕ್ಟ್ರೂ ನಮ್ಮ ಪರ ನಿಂತ್ರು.

ಈಗ ನಡೀತಿರೋದು ಹದಿನೆಂಟಕ್ಕೆ ಕ್ಲಿನಿಕ್ ಬದಲಾಗೋ ಕೆಲಸ. ಹದಿನೈದು ಹದಿನಾರಕ್ಕೇ ತಯಾರಿ ಶುರು, ತನ್ನ ಮಾತ್ರೆ ಹೆಸರು, ತನ್ನ ವೈರಲ್ ಲೋಡ್ ತಾನೇ ಹೇಳೋಕೆ ಬರ್ಬೇಕು, ಫೈಲ್ ಹೋಗೋ ಮುಂಚೆ ಹಳೇ ಡಾಕ್ಟ್ರು ಹೊಸ ಡಾಕ್ಟ್ರು ಇಬ್ರೂ ಇರೋ ಹಾಗೆ ಎರಡು ಭೇಟಿ, ಮೊದಲ ಕೆಲವು ತಿಂಗಳು ಆಗ್ಲೇ ಅಲ್ಲಿಗೆ ಹೋಗಿರೋ ಒಬ್ರು ಜೊತೇಲಿ ಬರೋದು. ಅದರ ಜೊತೆಗೆ ದೊಡ್ಡವರ ಕ್ಲಿನಿಕ್ಕಿಗೆ ಹೊಸ ಕೌನ್ಸೆಲರ್ ಬೇಕಾಗಿದ್ದಾರೆ, ಇಂಟರ್‌ವ್ಯೂನಲ್ಲಿ ನಮ್ಮ ಗುಂಪಿನಿಂದ ಇಬ್ರು ಕೂತ್ಕೊಳ್ಳೋದು ಅಂತ ಒಪ್ಪಿದ್ದಾರೆ, ಮಾರ್ಕ್ಸ್ ಹಾಕೋ ಹಕ್ಕೂ ಇದೆ. ಹಾಸ್ಟೆಲ್ ಹುಡುಗ ಈಗ ವಾಪಸ್ ಬಂದಿದ್ದಾನೆ, ಆ ಇಬ್ಬರಲ್ಲಿ ಅವನೂ ಒಬ್ಬ. ಅವನು ಕೇಳ್ಬೇಕು ಅಂತ ಬರೆದಿಟ್ಟಿರೋ ಪ್ರಶ್ನೆ ಇದು: ಹದಿನೇಳು ವರ್ಷದ ಒಬ್ಬ ನಾಲ್ಕು ತಿಂಗಳು ಮಾತ್ರೆ ಬಿಟ್ಟು ನಿಮ್ಮ ಬಾಗಿಲಿಗೆ ಬಂದು ನಿಂತಿದ್ದಾನೆ, ಅವನು ಇನ್ನೂ ಏನೂ ಹೇಳಿಲ್ಲ, ನೀವು ಏನು ಹೇಳ್ತೀರಿ?